ಬೇನೆ ಎಲ್ಲರದು, ಸಾವು ಬಡವರದೇ ಏಕೆ?

ಕೂಸಿಗೆ ವಾಂತಿಭೇದಿ ಹತ್ತಿತೆಂದರೆ, ಬಸವಕಲ್ಯಾಣವಾಗಲಿ ಹುಮನಾಬಾದವಾಗಲಿ, ಮೊದಲು ಕಟಕಟೆಯಲ್ಲಿ ನಿಲ್ಲುವವಳು ತಾಯಿ. ಕೈ ತೊಳೆಯಲಿಲ್ಲ, ಸ್ವಚ್ಛತೆ ಅರಿಯದ ಜನ ಎಂದು ದೊಡ್ಡವರು ತೀರ್ಪು ಕೊಡುತ್ತಾರೆ. ಮಿಲ್ಲಿನಲ್ಲಿ ದಿನವಿಡೀ ದುಡಿದು ಬಂದ ಹೆಣ್ಣುಮಗಳು ತಲೆ ತಗ್ಗಿಸುತ್ತಾಳೆ. ಈ ತೀರ್ಪು ಸುಳ್ಳೆಂದು ನಾವು ಹೇಳುತ್ತೇವೆ.

ಎಳೆಯ ಮಕ್ಕಳ ತೀವ್ರ ಭೇದಿಗೆ ಒಂದು ದೊಡ್ಡ ಕಾರಣ ರೋಟಾವೈರಸ್. ೧೯೭೩ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ರುತ್ ಬಿಷಪ್ ಮತ್ತು ಸಂಗಡಿಗರು ಅದನ್ನು ರೋಗಿ ಮಕ್ಕಳ ಕರುಳಿನಲ್ಲಿ ಕಂಡುಹಿಡಿದರು. ಲಸಿಕೆ ಬರುವ ಮುಂಚೆ ಲೋಕದ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಐದು ವರ್ಷದೊಳಗೆ ಅದು ಒಮ್ಮೆಯಾದರೂ ತಗಲುತ್ತಿತ್ತು. ಶುದ್ಧ ನೀರಿನ ನಳವಿದ್ದ ಲಂಡನ್ನಿನ ಮನೆಗಳನ್ನೂ ಅದು ಬಿಡಲಿಲ್ಲ. ಕೈಯಿಂದ, ಆಟಿಗೆಯಿಂದ, ಬಟ್ಟೆಯಿಂದ ಬಾಯಿಗೆ ಸೇರಲು ಅದಕ್ಕೆ ಅತ್ಯಲ್ಪ ಪ್ರಮಾಣ ಸಾಕು. ಆರು ತಿಂಗಳಿಂದ ಎರಡು ವರ್ಷದ ಕೂಸುಗಳಿಗೆ ಅದರ ಕಾಟ ಹೆಚ್ಚು. ಹೀಗೆ ಬೇನೆ ಬಂಗಲೆಗೂ ಬರುತ್ತದೆ, ಗುಡಿಸಲಿಗೂ ಬರುತ್ತದೆ. ಆದರೆ ಹೆಣ ಹೊರಡುವುದು ಗುಡಿಸಲಿನಿಂದ. ಇದು ವಿಧಿಯಲ್ಲ, ವ್ಯವಸ್ಥೆ.

ಕೊಲ್ಲುವುದು ಮೈಯ ನೀರು ಬತ್ತುವುದರಿಂದ. ಅದಕ್ಕೆ ಮದ್ದು ಅಗ್ಗದ್ದು. ೧೯೭೧ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲೂಕೋಸಿನ ನೀರು ಕುಡಿಸಿ, ನೂರಕ್ಕೆ ಮೂವತ್ತರಷ್ಟಿದ್ದ ಸಾವನ್ನು ನಾಲ್ಕಕ್ಕಿಂತ ಕೆಳಗಿಳಿಸಿದರು. ಮಕ್ಕಳ ಭೇದಿಗೂ ಅದೇ ನೀರು, ಅದರೊಡನೆ ೧೪ ದಿನ ಜಿಂಕ್ ಮಾತ್ರೆ, ನಿಲ್ಲಿಸದ ಎದೆಹಾಲು. ವೈರಸ್ಸಿನ ಮೇಲೆ ಆಂಟಿಬಯೋಟಿಕ್ ನಡೆಯದು. ಆದರೂ ಸೂಜಿ ಚುಚ್ಚಿ, ಕುಡಿಯಬಲ್ಲ ಕೂಸಿಗೂ ಸಲೈನ್ ಏರಿಸಿ ವಾರದ ಪಗಾರ ಕಸಿಯುವವರಿದ್ದಾರೆ. ಕೂಸು ಕುಡಿಯಲಾರದೆ ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಸಲೈನ್ ಪ್ರಾಣ ಉಳಿಸುತ್ತದೆ.

ಕಿರಾಣಿ ಅಂಗಡಿಯ ಬಂಧುಗಳೇ, ನಿಮಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್ ಪುಡಿಯಲ್ಲಿ ಲೀಟರಿಗೆ ೧೩.೫ ಗ್ರಾಂ ಗ್ಲೂಕೋಸ್, ೨.೬ ಗ್ರಾಂ ಉಪ್ಪು. ದೊಡ್ಡ ಕಂಪನಿಗಳು ಅದರ ಹಲವು ಪಟ್ಟು ಸಕ್ಕರೆ ತುಂಬಿದ ಪಾನಕಕ್ಕೆ ಅದೇ ಹೆಸರು ಅಂಟಿಸಿ ನಿಮ್ಮ ಕೈಯಿಂದಲೇ ಮಾರಿಸಿದವು. ಅತಿ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, ೨೦೨೫ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರಿನ ಬಳಕೆಯನ್ನು ನಿಷೇಧಿಸಿತು. ಲಾಭ ಕಂಪನಿಯದು, ಕೆಟ್ಟ ಹೆಸರು ನಿಮ್ಮದು ಆಗಬೇಕೆ? ಸಾಚಾ ಪುಡಿಯನ್ನೇ ಇಡಿರಿ.

ಇನ್ನು ಲಸಿಕೆ. ೧೯೮೦ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲೂ ನಮ್ಮ ಬೆಂಗಳೂರಿನಲ್ಲೂ ನವಜಾತ ಶಿಶುಗಳಲ್ಲಿ ಬೇನೆ ತಾರದ ರೋಟಾ ತಳಿಗಳು ಸಿಕ್ಕವು. ದೆಹಲಿಯ ತಳಿಯಿಂದ ಹೈದರಾಬಾದಿನ ಭಾರತ್ ಬಯೋಟೆಕ್ ದೇಶದ ಮೊದಲ ಸ್ವಂತ ರೋಟಾ ಲಸಿಕೆ ತಯಾರಿಸಿತು. ಮೊದಲ ವರ್ಷದಲ್ಲಿ ಅದು ತೀವ್ರ ರೋಟಾ ಬೇನೆಯನ್ನು ಅರ್ಧಕ್ಕೂ ಹೆಚ್ಚು ತಡೆಯಿತು. ೨೦೧೬ರಲ್ಲಿ ನಾಲ್ಕು ರಾಜ್ಯಗಳಲ್ಲಿ ಮೊದಲಾದ ಪುಕ್ಕಟೆ ರೋಟಾ ಲಸಿಕೆ ೨೦೧೯ರಲ್ಲಿ ದೇಶವನ್ನೆಲ್ಲ ಮುಟ್ಟಿತು. ೬, ೧೦, ೧೪ ವಾರಕ್ಕೆ ಬಾಯಿಗೆ ಹಾಕಿಸಬೇಕು. ತಪ್ಪಿದ್ದರೆ ಮೊದಲ ಡೋಸು ವರ್ಷ ತುಂಬುವುದರೊಳಗೆ.

ಹುಮನಾಬಾದದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲೇ ನಮ್ಮ ಜನ ಕೂಸು ಕಟ್ಟಿಕೊಂಡು ಗುಳೆ ಹೋಗುತ್ತಾರೆ. ಆರನೆಯ ವಾರ ಈ ಊರಲ್ಲಿ, ಹತ್ತನೆಯ ವಾರ ಇನ್ನೊಂದು ಊರಿನ ಕೆಲಸದ ಜಾಗದಲ್ಲಿ. ಅವರ ಲೆಕ್ಕ ಇಡುವವರು ಯಾರು? ಕೂಲಿ ಕಳೆದುಕೊಂಡು ಲಸಿಕೆಯ ದಿನ ನಿಲ್ಲೆಂದು ಯಾವ ಬಾಯಿಂದ ಹೇಳುತ್ತೀರಿ?

ಆದ್ದರಿಂದ ನಮ್ಮ ಒತ್ತಾಯ ಇಷ್ಟು: ಗುಳೆ ಹೋದವರ, ಬಂದವರ ಮಕ್ಕಳ ಪಟ್ಟಿ ಮಾಡಿ ಕೆಲಸದ ಜಾಗದಲ್ಲೇ ಲಸಿಕೆ ಹಾಕಬೇಕು. ಪ್ರತಿ ಓಣಿಯಲ್ಲಿ ಆಶಾ, ಅಂಗನವಾಡಿಯ ಕೈಯಲ್ಲಿ ವರ್ಷವಿಡೀ ಓಆರ್‌ಎಸ್ ಮತ್ತು ಜಿಂಕ್ ಇರಬೇಕು. ಕೂಸು ಮಲಗಿದ ದಿನದ ಕೂಲಿಯನ್ನು ಮಾಲಕರು ಕಡಿಯಬಾರದು. ವೈರಸ್ಸನ್ನು ನೀರೊಂದೇ ತಡೆಯದಿದ್ದರೂ ಕಾಲರಾ, ಟೈಫಾಯ್ಡ್ ತಡೆಯಲು ಶುದ್ಧ ನೀರು ಬೇಕೇ ಬೇಕು.

ಕಾಯಕ, ದಾಸೋಹಗಳ ನೆಲವೆಂದು ಬಸವಕಲ್ಯಾಣದಲ್ಲಿ ಭಾಷಣ ಬಿಗಿಯುವವರಿಗೆ ಕೊರತೆಯಿಲ್ಲ. ಕಾಯಕಜೀವಿಯ ಕೂಸು ಒಂದು ಪೊಟ್ಟಣ ಪುಡಿಯಿಲ್ಲದೆ ಸಾಯದ ದಿನ ಆ ಭಾಷಣಕ್ಕೆ ಬೆಲೆ ಬಂದೀತು. ಆ ದಿನ ಬೇಡಿದರೆ ಬರುವುದಿಲ್ಲ. ಸಂಘಟಿತರಾಗಿ ಕೇಳಿ ಪಡೆಯಬೇಕು.