ಕೆಲಸ ತರುವವರು, ಕೆಲಸ ಮಾಡುವವರು

ಸಣ್ಣ ಉದ್ಯಮ ಶುರುಮಾಡಿದವರಿಗೆ ಎಲ್ಲರೂ ಪುಕ್ಕಟೆಯಾಗಿ ಕೊಡುವ ಸಲಹೆ ಒಂದಿದೆ: ನಾಲ್ಕು ಜನರ ಪರಿಚಯ ಇಟ್ಟುಕೊಳ್ಳಿ. ಟೆಕ್ನಿಕಲ್ ರೈಟಿಂಗ್‌ನಂಥ ಕಸುಬಿಗೆ ಈ ಸಲಹೆ ಅರ್ಧ ಮಾತ್ರ ಸರಿ. ಆ ನಾಲ್ಕು ಜನ ಯಾತಕ್ಕೆ ಬೇಕು ಎಂಬುದು ತಲೆಯಲ್ಲಿ ಸ್ಪಷ್ಟವಿಲ್ಲದಿದ್ದರೆ ಫೋನಿನ ತುಂಬ ಹೆಸರುಗಳು ಸೇರುತ್ತವೆ, ಕೆಲಸ ಬಂದ ದಿನ ಒಬ್ಬರೂ ಒದಗುವುದಿಲ್ಲ.

ಬೆಂಗಳೂರಿನ ಪೀಣ್ಯದಲ್ಲಿ ಸಿಎನ್‌ಸಿ ಲೇತ್ ತಯಾರಿಸುವ ಕಾರ್ಖಾನೆಯೊಂದಕ್ಕೆ ಜರ್ಮನಿಯಿಂದ ಆರ್ಡರ್ ಬಂತು ಎಂದಿಟ್ಟುಕೊಳ್ಳಿ. ಐರೋಪ್ಯ ಒಕ್ಕೂಟದ 2006ರ ಯಂತ್ರೋಪಕರಣ ನಿರ್ದೇಶನದ ಪ್ರಕಾರ, ಯಂತ್ರ ಯಾವ ದೇಶಕ್ಕೆ ಹೋಗುತ್ತದೋ ಆ ದೇಶದ ಅಧಿಕೃತ ಭಾಷೆಯಲ್ಲಿ ಬಳಕೆಯ ಸೂಚನೆಗಳು ಜೊತೆಗಿರಲೇಬೇಕು. ಇದು ಕಾರ್ಖಾನೆಯವರಿಗೆ ನೆನಪಾಗುವುದು ಸಾಮಾನ್ಯವಾಗಿ ಪ್ಯಾಕಿಂಗ್ ಪೆಟ್ಟಿಗೆಗೆ ಮೊಳೆ ಹೊಡೆಯುವ ಹೊತ್ತಿಗೆ. ಆಗ ಇಬ್ಬರೋ ಮೂವರೋ ಇರುವ ಒಂದು ಬರವಣಿಗೆಯ ಕಚೇರಿಗೆ ಫೋನು ಬರುತ್ತದೆ.

ಈ ಒಂದು ಮ್ಯಾನ್ಯುಯಲ್‌ಗೆ ಎಷ್ಟು ಕೈ ಬೇಕು ನೋಡಿ. ಯಂತ್ರದ ಪಕ್ಕ ನಿಂತು ಆಪರೇಟರನ್ನು ಕೇಳಿ ಬರೆದುಕೊಳ್ಳುವವರು ಒಬ್ಬರು. ಕ್ಯಾಡ್ ಮಾಡೆಲ್ ತೆರೆದು, ಭಾಗಗಳನ್ನು ಬಿಡಿಬಿಡಿಯಾಗಿ ಹರಡಿ ಚಿತ್ರ ಮಾಡುವವರು ಇನ್ನೊಬ್ಬರು. ಜರ್ಮನ್ ಅನುವಾದಕರು. ಇಂಗ್ಲಿಷಿಗಿಂತ ಉದ್ದುದ್ದ ಆಗುವ ಜರ್ಮನ್ ವಾಕ್ಯಗಳನ್ನು ಕೋಷ್ಟಕದೊಳಗೆ ಹೇಗೋ ಕೂರಿಸುವ ಡಿಟಿಪಿಯವರು. ಇಷ್ಟರ ನಡುವೆ ಡಿಸೈನ್ ವಿಭಾಗ ಒಂದು ವಾಷರ್ ಸೇರಿಸುತ್ತದೆ. ಚಿತ್ರದಲ್ಲಿ 14 ಎಂದಿದ್ದ ಬೋಲ್ಟು 15 ಆಗುತ್ತದೆ, 14 ಈಗ ವಾಷರ್. ಬಿಗಿತದ ಕೋಷ್ಟಕದಲ್ಲಿ ಮಾತ್ರ ಹಳೆಯ ನಂಬರೇ ಉಳಿದಿದೆ, ಆ ಪುಟ ಆಗಲೇ ಅನುವಾದಕ್ಕೆ ಹೋಗಿದೆ. ಇಷ್ಟು ನ್ಯೂಟನ್ ಮೀಟರಿಗೆ ಬಿಗಿಮಾಡಿ ಎಂದು ಓದಿದ ಫಿಟ್ಟರ್ ಚಿತ್ರದಲ್ಲಿ ಹುಡುಕಿದರೆ ಅಲ್ಲಿ ಸಿಗುವುದು ವಾಷರ್! ಎಲ್ಲರೂ ತಂತಮ್ಮ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ. ತಪ್ಪು ಹುಟ್ಟಿದ್ದು ಇಬ್ಬರ ನಡುವಿನ ಸಂದಿನಲ್ಲಿ. ಚಿತ್ರ ಮಾಡುವಾತ ರಾತ್ರಿಯಾದರೂ ಫೋನ್ ಮಾಡಿ "ಮೇಡಂ, ನಂಬರ್ ಬದಲಾಗಿದೆ, ಟೇಬಲ್ ಒಂದ್ಸಲ ನೋಡ್ಬಿಡಿ" ಎನ್ನುವಷ್ಟು ಬಳಕೆ ಇದ್ದರೆ ಮಾತ್ರ ಅದು ಸಿಕ್ಕಿಬೀಳುತ್ತದೆ. ಹಾಗೆ ಹೇಳುವುದು ಅವನ ಕೆಲಸವಲ್ಲ, ಅದಕ್ಕೆ ಅವನಿಗೆ ರೇಟೂ ಇಲ್ಲ.

ಹಾಗಿದ್ದರೆ ಎಲ್ಲರನ್ನೂ ಸಂಬಳಕ್ಕೇ ಇಟ್ಟುಕೊಳ್ಳಬಾರದೇ? ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಇದನ್ನೇ ತಿರುವಿಹಾಕಿ ಕೇಳಿದ್ದರು: ಎಲ್ಲವೂ ಮಾರುಕಟ್ಟೆಯಲ್ಲಿ ಸಿಗುವಾಗ ಕಂಪನಿಗಳು ಯಾಕೆ ಇವೆ? ಮಾರುಕಟ್ಟೆಯಲ್ಲಿ ಹುಡುಕುವುದಕ್ಕೆ, ಚೌಕಾಶಿ ಮಾಡುವುದಕ್ಕೆ, ಕರಾರು ಬರೆದುಕೊಳ್ಳುವುದಕ್ಕೆ ಖರ್ಚಿದೆ, ಆ ಖರ್ಚು ಉಳಿಸಲು ಕಂಪನಿ ಎಂಬುದು ಹುಟ್ಟುತ್ತದೆ ಎಂಬುದು ಅವರ ಉತ್ತರ. ಸಣ್ಣ ಕಚೇರಿ ಎರಡರ ನಡುವೆ ಸಿಕ್ಕಿಕೊಂಡಿರುತ್ತದೆ. ಅಪರೂಪಕ್ಕೆ ಬೇಕಾಗುವ ಜರ್ಮನ್ ಅನುವಾದಕರಿಗೆ ತಿಂಗಳ ಸಂಬಳ ಕೊಡಲಾಗದು. ಪ್ರತಿ ಸಲ ಹೊಸಬರನ್ನು ಹುಡುಕಿ, ಸ್ಯಾಂಪಲ್ ಬರೆಸಿ, ರೇಟು ಕುದುರಿಸಿ, ತಿದ್ದಿ ಮುಗಿಸುವಷ್ಟರಲ್ಲಿ ಲಾಭವೆಲ್ಲ ಕರಗಿರುತ್ತದೆ. ಸಹಯೋಗಿಗಳ ಬಳಗ ಎಂದರೆ ಈ ಖರ್ಚನ್ನು ಒಂದು ಸಲ ಮಾಡಿ, ಮತ್ತೆ ಮತ್ತೆ ಮಾಡದಿರುವ ಏರ್ಪಾಡು. ಆದ್ದರಿಂದಲೇ ಹಳಬರು ಪುಟಕ್ಕೆ ಸ್ವಲ್ಪ ಹೆಚ್ಚು ಕೇಳಿದರೂ ನನ್ನ ಲೆಕ್ಕದಲ್ಲಿ ಅವರೇ ಅಗ್ಗ.

ಆದರೆ ಹಳಬರಷ್ಟೇ ಇದ್ದರೆ ಕೆಲಸ ಬರುವುದಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನ ಇಲ್ಲಿ ನೆನೆಯಬೇಕಾದ್ದು. ಬಾಸ್ಟನ್ನಿನ ಹೊರವಲಯದಲ್ಲಿ, ಪರಿಚಯದವರ ಮೂಲಕ ಹೊಸ ನೌಕರಿ ಹಿಡಿದವರನ್ನು ಅವರು ಮಾತಾಡಿಸಿದ್ದರು. ವಾರಕ್ಕೆ ಎರಡು ಸಲವಾದರೂ ಭೇಟಿಯಾಗುವ ಆಪ್ತರಿಂದ ನೌಕರಿಯ ಸುಳಿವು ಸಿಕ್ಕಿದ್ದು ಅವರಲ್ಲಿ ನೂರಕ್ಕೆ ಸುಮಾರು 17 ಜನರಿಗೆ. ಮಿಕ್ಕವರಿಗೆಲ್ಲ ಆಗೀಗ ಇಲ್ಲವೇ ಅಪರೂಪಕ್ಕೆ ಕಾಣುವವರಿಂದ. ಕಾರಣ ಸರಳ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದವರು ಬೇರೆ ಲೋಕದ ಸುದ್ದಿ ತರುತ್ತಾರೆ. ತುಮಕೂರು ರಸ್ತೆಯ ಬಿಐಇಸಿಯಲ್ಲಿ ನಡೆಯುವ ಇಮ್‌ಟೆಕ್ಸ್ ಯಂತ್ರ ಮೇಳದ ಮಳಿಗೆಯಲ್ಲಿ ಕಾರ್ಡು ಕೊಟ್ಟ ಸರ್ವಿಸ್ ಎಂಜಿನಿಯರ್, ಹಿಂದಿನ ಕಂಪನಿಯಲ್ಲಿ ದೂರದ ಮೇಜಿನಲ್ಲಿದ್ದಾಕೆ, ಇಂಥವರೇ ಕೆಲಸ ತರುವವರು. ಈ ಬಗೆಯ ಪರಿಚಯಕ್ಕೆ ವೃತ್ತಿ ಸಂಘಗಳೂ ನೆರವಾಗುತ್ತವೆ. ಅಮೆರಿಕದಲ್ಲಿ 1953ರಲ್ಲಿ ಹುಟ್ಟಿ ಭಾರತದಲ್ಲೂ ಶಾಖೆ ಹೊಂದಿದ್ದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ 2025ರ ಜನವರಿಯಲ್ಲಿ ದಿವಾಳಿಯಾಗಿ ಬಾಗಿಲು ಹಾಕಿತು. 2013ರಲ್ಲಿ ಶುರುವಾದ ರೈಟ್ ದ ಡಾಕ್ಸ್ ಬಳಗ ಈಗ ಇಂಥ ಬರಹಗಾರರ ಕೂಟಗಳನ್ನು ನಡೆಸುತ್ತಿದೆ.

ಅಂದರೆ ಎರಡು ಜಾತಿಯ ಸಂಬಂಧಗಳಿವೆ: ದೂರದವರು ಕೆಲಸ ತರುತ್ತಾರೆ, ಹತ್ತಿರದವರು ಮಾಡಿಕೊಡುತ್ತಾರೆ. ಎಡವುವುದು ಇವೆರಡನ್ನು ಕಲಸಿದಾಗ. ಮೇಳದಲ್ಲಿ ಕಾರ್ಡು ಕೊಟ್ಟವರಿಗೆ ನೇರವಾಗಿ ಇಡೀ ಅಧ್ಯಾಯ ಒಪ್ಪಿಸುವುದು, ವರ್ಷಗಟ್ಟಲೆ ಜೊತೆಗೆ ದುಡಿದವರಿಂದ ಹೊಸ ಗಿರಾಕಿಗಳನ್ನು ನಿರೀಕ್ಷಿಸುವುದು, ಎರಡೂ ನಡೆಯುವ ಮಾತಲ್ಲ. ಹೊಸಬರಿಗೆ ಮೊದಲು ಎರಡೇ ಪುಟ ಕೊಡಿ, ಅದಕ್ಕೂ ಪೂರ್ತಿ ದುಡ್ಡು ಕೊಡಿ. ಪುಕ್ಕಟೆ ಸ್ಯಾಂಪಲ್ ಕೇಳುವ ಪದ್ಧತಿ ನನಗಂತೂ ಹಿಡಿಸುವುದಿಲ್ಲ. ಕೈತುಂಬ ಕೆಲಸ ಇರುವವರು ಅದಕ್ಕೆ ಒಪ್ಪುವುದಿಲ್ಲ, ಒಪ್ಪುವವರು ಬಿಡುವಾಗಿರುವವರು.

ಹತ್ತಿರದವರನ್ನು ಹತ್ತಿರವೇ ಉಳಿಸಿಕೊಳ್ಳುವುದು ಹೇಗೆ? ನಮ್ಮ ಹಳ್ಳಿಗಳಲ್ಲಿ ನಾಟಿ, ಕೊಯ್ಲಿನ ಕಾಲಕ್ಕೆ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಲೆಕ್ಕ ದಿನಕ್ಕೆ ದಿನ. ಬರಹಗಾರರ ಕೂಟಗಳಲ್ಲಿ ಈ ಮಾದರಿಯನ್ನು ಹೊಗಳುವವರಿದ್ದಾರೆ: ನಿನ್ನ ಕರಡು ನಾನು ನೋಡುತ್ತೇನೆ, ನನ್ನದು ನೀನು ನೋಡು. ಸಣ್ಣಪುಟ್ಟ ರಿವ್ಯೂಗೆ ಸರಿ. ಆದರೆ ಅನುವಾದಕಿಗೆ ನಮ್ಮಿಂದ ತಿರುಗಿ ಬೇಕಾದ್ದು ಏನೂ ಇರುವುದಿಲ್ಲ. ಅವಳ ಕೆಲಸಕ್ಕೆ ಮುಯ್ಯಿ ತೀರಿಸುವ ದಾರಿ ದುಡ್ಡೊಂದೇ, ಅದೂ ಹೊತ್ತಿಗೆ ಸರಿಯಾಗಿ. ಬಳಗ ಒಡೆಯುವುದು ಬಹಳ ಸಲ ಇಲ್ಲೇ. "ಕಸ್ಟಮರ್ ಪೇಮೆಂಟ್ ಬಂದಿಲ್ಲ, ಬಂದ ಕೂಡಲೇ ಹಾಕ್ತೀನಿ" ಎಂಬ ಮಾತು ನಿಜವೇ ಇರಬಹುದು, ಆದರೆ ಆ ಗಿರಾಕಿಯನ್ನು ಆರಿಸಿಕೊಂಡವರು ನಾವು, ಅವಳಲ್ಲ.

ಕಾನೂನು ಸ್ವಲ್ಪ ಬೆಂಬಲಕ್ಕಿದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು 45 ದಿನ ಮೀರದಂತೆ ಹಣ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024-25ರ ಅಸೆಸ್‌ಮೆಂಟ್ ವರ್ಷದಿಂದ, ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಪಾವತಿ ಮಾಡುವ ತನಕ ಖರ್ಚೆಂದು ತೋರಿಸುವಂತಿಲ್ಲ ಎಂಬ ಆದಾಯ ತೆರಿಗೆಯ ನಿಯಮವೂ ಬಂತು. ಆದರೂ ದೊಡ್ಡ ಗಿರಾಕಿಯ ಮೇಲೆ ಬಡ್ಡಿಗೆ ಕ್ಲೇಮು ಹಾಕಿ, ಅವರಿಂದಲೇ ಮುಂದಿನ ಆರ್ಡರ್ ಕೇಳುವ ಧೈರ್ಯ ಎಷ್ಟು ಜನರಿಗಿದೆ? ಸಹಯೋಗಿಗಳ ಪಾಲನ್ನು ಗಿರಾಕಿಯಿಂದ ಅಡ್ವಾನ್ಸಾಗಿ ಪಡೆಯಬೇಕು, ಇಲ್ಲವೇ ಕೈಯಲ್ಲಿ ಅಷ್ಟು ಹಣ ಇಟ್ಟುಕೊಂಡೇ ಕೆಲಸ ಒಪ್ಪಬೇಕು. ಬಂಡವಾಳ ಎಲ್ಲಿಂದ ಬರಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಕಟುವಾಗಿ ಕಾಣಬಹುದು: ಅಷ್ಟಿಲ್ಲದಿದ್ದರೆ ಆ ಕೆಲಸ ನಿಮ್ಮ ಅಳತೆಯದಲ್ಲ, ಚಿಕ್ಕದನ್ನು ಹಿಡಿಯಿರಿ.

ಕಾಗದಪತ್ರದ ವಿಷಯದಲ್ಲಿ ಸ್ನೇಹದ ಸಂಕೋಚ ಬೇಡ. ನೌಕರರು ಬರೆದದ್ದರ ಹಕ್ಕು ತಾನಾಗಿ ಕಚೇರಿಗೆ ಬರುತ್ತದೆ, ಹೊರಗಿನವರು ಬರೆದುಕೊಟ್ಟ ಪಠ್ಯದ್ದು ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಅದನ್ನು ಬರಹದಲ್ಲೇ ವರ್ಗಾಯಿಸಬೇಕು. ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಜರ್ಮನಿಗೆ ಹೋಗುವ ಮ್ಯಾನ್ಯುಯಲ್‌ಗೆ ಭಾರತದ ಹಕ್ಕಷ್ಟೇ ಇದ್ದರೆ ಏನು ಬಂತು?

ಆದರೆ ಎಲ್ಲವನ್ನೂ ಕಾಗದ ಕಾಯುವುದಿಲ್ಲ. ಕರಾರು ಮುಗಿದ ಮೇಲೂ ಅದೇ ಕಸುಬು ಮಾಡಬಾರದು ಎಂದು ಕಟ್ಟಿಹಾಕುವ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನಡಿ ನಿಲ್ಲುವುದಿಲ್ಲ. ಚಿತ್ರ ಮಾಡುವಾತ ನಾಳೆ ನಮ್ಮ ಗಿರಾಕಿಯ ಬಳಿಗೆ ನೇರ ಹೋಗಬಹುದು. ಈ ಭಯಕ್ಕೆ ಕೆಲವರು ಸಹಯೋಗಿಗಳನ್ನು ಗಿರಾಕಿಯ ಕಣ್ಣಿಗೇ ಬೀಳದಂತೆ ಬಚ್ಚಿಡುತ್ತಾರೆ, ಇಮೇಲ್‌ನಲ್ಲಿ ಹೆಸರು ಅಳಿಸಿ ಕಳಿಸುತ್ತಾರೆ. ಆಗ ಡಿಸೈನ್ ಬದಲಾದ ಸುದ್ದಿ ಚಿತ್ರಕಾರನನ್ನು ಮುಟ್ಟುವುದೇ ತಡವಾಗುತ್ತದೆ, ತಪ್ಪುಗಳು ಹೆಚ್ಚುತ್ತವೆ. ಬಚ್ಚಿಡುವುದಕ್ಕಿಂತ ಮುಂದೆ ನಿಲ್ಲಿಸಿ ಪರಿಚಯಿಸುವುದೇ ಲೇಸು. ಪದಪಟ್ಟಿ, ಶೈಲಿಯ ಕೈಪಿಡಿ, ಪ್ರತಿ ಆವೃತ್ತಿಯಲ್ಲಿ ಏನೇನು ಬದಲಾಯಿತು ಎಂಬ ದಾಖಲೆ, ಇವು ಕಚೇರಿಯಲ್ಲಿ ಅಚ್ಚುಕಟ್ಟಾಗಿದ್ದರೆ ಗಿರಾಕಿ ಪೂರ್ತಿ ಮ್ಯಾನ್ಯುಯಲ್‌ಗೆ ಇಲ್ಲಿಗೇ ಬರುತ್ತಾನೆ. ಬಿಡಿ ಚಿತ್ರಗಳಷ್ಟೇ ಬೇಕಾದಾಗ ನೇರ ಚಿತ್ರಕಾರನ ಹತ್ತಿರ ಹೋದರೆ ಹೋಗಲಿ. ಅಲ್ಲಿ ಬರವಣಿಗೆಯ ಕೆಲಸ ಎದುರಾದಾಗ ಅವನು ಯಾರ ಹೆಸರು ಹೇಳುತ್ತಾನೆ ಎಂಬುದು, ಹಿಂದಿನ ಇನ್‌ವಾಯ್ಸಿಗೆ ನಾವು ಯಾವಾಗ ದುಡ್ಡು ಹಾಕಿದೆವು ಎಂಬುದರ ಮೇಲೆ ನಿಂತಿರುತ್ತದೆ.