ಎಣ್ಣೆಯ ನಾಡಿನಲ್ಲಿ ಮೇದಸ್ಸಿನ ವಿಚಾರ

ಶೇಂಗಾ ಎಣ್ಣೆಯಿಂದ ಚಳ್ಳಕೆರೆಯೂ ರೇಷ್ಮೆ ಸೀರೆಯಿಂದ ಮೊಳಕಾಲ್ಮೂರೂ ನಾಡಿನಲ್ಲಿ ಹೆಸರು ಪಡೆದಿವೆ. ಮಳೆ ಅಲ್ಪವಾಗಿ ದುಡಿಮೆ ಅಧಿಕವಾದ ಈ ಬಯಲುಸೀಮೆಯ ಜನರಿಗೆ ಮೇದಸ್ಸಿನ ವ್ಯಾಧಿ ಎಲ್ಲಿಂದ ಬಂದೀತು ಎಂದು ಭಾವಿಸುವವರುಂಟು. ಆ ಭಾವನೆಗೆ ಇಂದು ಆಧಾರವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ವಯಸ್ಕರಲ್ಲಿ ನೂರಕ್ಕೆ 81 ಮಂದಿಯ ರಕ್ತದಲ್ಲಿ ಮೇದಸ್ಸಿನ ಒಂದಲ್ಲ ಒಂದು ಅಂಶ ಹದ ತಪ್ಪಿದೆ.

ಎಣ್ಣೆಯ ಊರಾದುದರಿಂದ ದೋಷವನ್ನೆಲ್ಲ ಎಣ್ಣೆಯ ಮೇಲೆ ಹೊರಿಸುವುದು ಸುಲಭ. ಆದರೆ ಶೇಂಗಾ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ. ಯಾವ ಸಸ್ಯಜನ್ಯ ಎಣ್ಣೆಯಲ್ಲಿಯೂ ಅದು ಹೇಳಿಕೊಳ್ಳುವಷ್ಟಿಲ್ಲ. ಎಣ್ಣೆ ಮಿತಿಮೀರಿದರೆ ಕೆಡುಕೆಂಬುದು ದಿಟ. ಆದರೂ ಭಾರತೀಯರಲ್ಲಿ ಹೆಚ್ಚಾಗಿ ಕಾಣುವ ದೋಷ ಬೇರೆ: ಟ್ರೈಗ್ಲಿಸರೈಡಿನ ಏರಿಕೆ ಮತ್ತು ಎಚ್.ಡಿ.ಎಲ್. ಎಂಬ ಹಿತಕರ ಅಂಶದ ಇಳಿಕೆ. ದುಡಿಮೆಯಲ್ಲಿ ವ್ಯಯವಾಗದ ಪಿಷ್ಟವನ್ನೂ ಸಕ್ಕರೆಯನ್ನೂ ಯಕೃತ್ತು ಕೊಬ್ಬಾಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಸಂಜೆಯ ಮಂಡಕ್ಕಿ–ಮೆಣಸಿನಕಾಯಿ, ಸಕ್ಕರೆ ತುಂಬಿದ ಚಹಾ, ಇವೇ ಅದರ ಮೂಲ. ರಾಗಿಮುದ್ದೆಯೂ ಇದಕ್ಕೆ ಹೊರತಲ್ಲ. ನೇಗಿಲು ಹಿಡಿದವನಿಗೆಂದು ನಿಗದಿಯಾದ ಮುದ್ದೆಯ ಗಾತ್ರವು ಕುರ್ಚಿಯಲ್ಲಿ ಕುಳಿತವನಿಗೆ ಹೊರೆಯೇ ಸರಿ. ಅತಿಭೋಜನ, ಮಧುರಾಹಾರ, ವ್ಯಾಯಾಮದ ಅಭಾವ, ಹಗಲುನಿದ್ದೆ ಇವು ಸ್ಥೌಲ್ಯಕ್ಕೆ ಕಾರಣವೆಂದು ಚರಕಸಂಹಿತೆಯ ಸೂತ್ರಸ್ಥಾನವೂ ಎಣಿಸಿರುವುದು ಇಲ್ಲಿ ಸ್ಮರಣೀಯ.

1988ರಲ್ಲಿ ಅಮೆರಿಕೆಯ ವೈದ್ಯ ಜೆರಾಲ್ಡ್ ರೀವನ್ ಇಂತಹ ದೋಷಗಳು ಒಂದೇ ಬೇರಿನಿಂದ ಒಟ್ಟಾಗಿ ಚಿಗುರುತ್ತವೆಂದು ತೋರಿಸಿದರು. ಇದೇ ಮುಂದೆ ಮೆಟಬಾಲಿಕ್ ಸಿಂಡ್ರೋಮ್ ಎನಿಸಿತು. ಇದರ ಲಕ್ಷಣಗಳು ಐದು: ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಎಚ್.ಡಿ.ಎಲ್. ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ. ರಕ್ತದೊತ್ತಡ 130/85 ಅಥವಾ ಹೆಚ್ಚು. ಬರಿಹೊಟ್ಟೆಯ ರಕ್ತಸಕ್ಕರೆ 100 ಅಥವಾ ಹೆಚ್ಚು. ಇವುಗಳಲ್ಲಿ ಮೂರು ಕೂಡಿದರೆ ಮಧುಮೇಹಕ್ಕೂ ಹೃದ್ರೋಗಕ್ಕೂ ದಾರಿ ತೆರೆದಂತೆಯೇ.

ಒಟ್ಟು ಕೊಲೆಸ್ಟ್ರಾಲ್ 200ರ ಒಳಗಿದೆಯೆಂದು ನಿಶ್ಚಿಂತರಾಗುವವರು ಬಹಳ. ಆ ಸಂಖ್ಯೆ 180 ಇದ್ದಾಗಲೂ ಟ್ರೈಗ್ಲಿಸರೈಡ್ 260, ಎಚ್.ಡಿ.ಎಲ್. 32 ಇರುವುದು ಸಾಧ್ಯ. ನೋವಿಲ್ಲ, ಜ್ವರವಿಲ್ಲ, ಆದಕಾರಣ ಪರೀಕ್ಷೆಯ ಹೊರತು ಇದು ತಿಳಿಯುವಂತಿಲ್ಲ. ದಿನವಿಡೀ ಮಗ್ಗದ ಮುಂದೆ ಕುಳಿತ ನೇಕಾರರಿಗೂ ಗಲ್ಲೆಯಲ್ಲಿ ಕುಳಿತ ವರ್ತಕರಿಗೂ ಪಾಠ ಹೇಳುವ ಅಧ್ಯಾಪಕರಿಗೂ ಈ ಮಾತು ಸಮಾನ.

ದಾನಿಗಳು ಕೊಠಡಿಗಳನ್ನು ಕಟ್ಟಿಸಿಕೊಟ್ಟಿರುವುದು ಸ್ತುತ್ಯ. ಆ ಕೊಠಡಿಯಲ್ಲಿ ಬೋಧಿಸುವ ಗುರುವಿನ ಆಯುಷ್ಯವೂ ವಿದ್ಯಾಸಂಸ್ಥೆಯ ಸಂಪತ್ತೇ ಅಲ್ಲವೆ? ವಾರ್ಷಿಕೋತ್ಸವದ ಬೆಳಿಗ್ಗೆ, ಉಪಾಹಾರಕ್ಕೆ ಮೊದಲು, 30 ವರ್ಷ ದಾಟಿದ ಅಧ್ಯಾಪಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ಈ ಐದು ಪರೀಕ್ಷೆಗಳನ್ನು ಮಾಡಿಸಿ, ಫಲಿತಾಂಶವನ್ನು ಅವರವರ ಕೈಗಿತ್ತು, ದೋಷ ಕಂಡವರನ್ನು ವೈದ್ಯರಲ್ಲಿಗೆ ಕಳುಹಿಸಿ, ಮರುವರ್ಷ ಹೋಲಿಸಿ ನೋಡುವ ಏರ್ಪಾಡಾಗಬೇಕು. ದಾಸೋಹದ ಪಂಕ್ತಿಯಲ್ಲಿ ಅನ್ನ ಇಳಿದು ಬೇಳೆ, ಕಾಳು, ಸೊಪ್ಪು ಏರಬೇಕು. ಇದಕ್ಕೆ ತಗಲುವ ವೆಚ್ಚ ಒಂದು ಕೊಠಡಿಯ ವೆಚ್ಚದಷ್ಟಿಲ್ಲ. ಉಳಿಯುವ ಜೀವಗಳಿಗೋ ಬೆಲೆಯಿಲ್ಲ.