ಕಿತ್ತಳೆ ಚೌಕ, ಸೊನ್ನೆ ಬಿಲ್ಲು
2013ರಲ್ಲಿ ಹಂಗೇರಿಯ ಓರ್ಬಾನ್ ಸರ್ಕಾರ ಮನೆಗಳ ಗ್ಯಾಸು, ಕರೆಂಟಿನ ದರ ಇಳಿಸಿತು. ಇಳಿಸಿ ಸುಮ್ಮನಾಗಲಿಲ್ಲ, ಎಷ್ಟು ಉಳಿಯಿತೆಂದು ಪ್ರತಿ ಬಿಲ್ಲಿನಲ್ಲೂ ಕಿತ್ತಳೆ ಬಣ್ಣದಲ್ಲಿ ಅಚ್ಚು ಹಾಕಿಸಲು ಕಾನೂನನ್ನೇ ತಂದಿತು. ಕಮ್ಯುನಿಸ್ಟ್ ಆಡಳಿತ ಹೋಗಿ ಎರಡು ದಶಕವಾಗಿತ್ತು. ಮಾರುಕಟ್ಟೆಯ ಬಿಸಿ ತಾಗಿದ ಜನಕ್ಕೆ ಸರ್ಕಾರದ ಕೈ ಕಣ್ಣಿಗೆ ಕಾಣಬೇಕಿತ್ತು. ಆ ಕೈ ನಮ್ಮ ಮೈಸೂರಿನಲ್ಲೂ ಕಾಣುತ್ತದೆ: ಗೃಹಜ್ಯೋತಿ ಯೋಜನೆಯಿಂದಾಗಿ ಚೆಸ್ಕಾಂ ಮೀಟರ್ ರೀಡರ್ ಕೊಡುವ ಕರೆಂಟ್ ಚೀಟಿಯಲ್ಲಿ ಸೊನ್ನೆ. ಚಾಮುಂಡಿ ಬೆಟ್ಟದ ಬಸ್ಸಿನಲ್ಲಿ ಹೆಂಗಸರು ಆಧಾರ್ ತೋರಿಸಿದರೆ ಕಂಡಕ್ಟರ್ ಹರಿದು ಕೊಡುವುದೂ ಸೊನ್ನೆ ಟಿಕೆಟ್ಟೇ. ಮನೆಯೊಡತಿಗೆ ಸಿಗುವ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಗೆ ಚಾಲನೆ ಸಿಕ್ಕಿದ್ದು ಇಲ್ಲೇ, ಮಹಾರಾಜ ಕಾಲೇಜು ಮೈದಾನದಲ್ಲಿ, 2023ರ ಆಗಸ್ಟ್ 30ರಂದು. ಇದನ್ನೆಲ್ಲ ಬಿಟ್ಟಿ ಭಾಗ್ಯ ಎಂದು ಹೀಗಳೆಯುವವರ ಜೊತೆ ನಾನಿಲ್ಲ. ಮನೆಯೊಡತಿಯ ಖಾತೆಗೇ ದುಡ್ಡು ಬೀಳುವುದು ಸಣ್ಣ ಮಾತಲ್ಲ. (ಹೀಗಳೆಯುವವರ ಮನೆಯ ಕರೆಂಟ್ ಬಿಲ್ಲೂ ಸೊನ್ನೆಯೇ ಇದ್ದೀತು, ಅದು ಬೇರೆ ಮಾತು.) ನನ್ನ ತಕರಾರು ಚೀಟಿಯಲ್ಲಿ ಅಚ್ಚಾಗದ ಲೆಕ್ಕದ್ದು. 2024ರ ಜೂನ್‌ನಲ್ಲಿ ಪೆಟ್ರೋಲ್ ಲೀಟರಿಗೆ 3 ರೂಪಾಯಿ ಏರಿತು, 2025ರ ಜನವರಿಯಲ್ಲಿ ಬಸ್ ದರ ಶೇ. 15, ಹೆಂಡತಿಗೆ ಸೊನ್ನೆ ಟಿಕೆಟ್, ಪಕ್ಕದಲ್ಲೇ ಕೂತ ಗಂಡನ ಜೇಬಿಗೆ ಕತ್ತರಿ. 2022ರಲ್ಲಿ ಗ್ಯಾಸಿನ ಬೆಲೆ ಗಗನಕ್ಕೇರಿದಾಗ ಹಂಗೇರಿಯೂ ಕೈ ಬಿಗಿಹಿಡಿದು, ಸರಾಸರಿಗಿಂತ ಹೆಚ್ಚು ಉರಿಸಿದ ಪಾಲಿಗೆ ರಿಯಾಯಿತಿ ನಿಲ್ಲಿಸಿತು. ನಮ್ಮ ಗೃಹಜ್ಯೋತಿಗೆ ಅಂಥ ಮಿತಿ ಶುರುವಿನಲ್ಲೇ ಇತ್ತು: ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಶೇ. 10, ಎಷ್ಟೇ ಆದರೂ 200 ಯೂನಿಟ್ ದಾಟುವಂತಿಲ್ಲ. ಆ ಮಟ್ಟಿಗೆ ನಮ್ಮ ವಿಧಾನಸೌಧವೇ ಬುಡಾಪೆಸ್ಟಿಗಿಂತ ಜಾಣ.